ಆರೋಗ್ಯ ವಿಮೆ ಮತ್ತು ನಿಮ್ಮ ಕಾಯಿಲೆಯ ಗುಟ್ಟು: ರೋಗಿಗಳೂ ಬಂಧುಗಳೂ ತಿಳಿದಿರಬೇಕಾದದ್ದು



ಈ ಆಸ್ಪತ್ರೆಯ ವಾರ್ಡುಗಳಲ್ಲಿ ಮತ್ತೆ ಮತ್ತೆ ನಡೆಯುವ ಒಂದು ಸಂಗತಿಯಿಂದ ಈ ಪಾಠವನ್ನು ಆರಂಭಿಸೋಣ. ಎದೆನೋವೆಂದು ತಂದೆಯವರನ್ನು ಕರೆತಂದು ಸೇರಿಸಿರುತ್ತಾರೆ. ಚಿಕಿತ್ಸೆ ಫಲಿಸಿ ಮನೆಗೆ ಹೊರಡುವ ದಿನ ಬರುತ್ತದೆ. ಆಗ ಮಗ ಮೆಲ್ಲಗೆ ಡ್ಯೂಟಿ ಡಾಕ್ಟರ ಬಳಿ ಬಂದು, "ಸಾರ್, ಅಪ್ಪಾಜಿಗೆ ಹತ್ತು ವರ್ಷದಿಂದ ಶುಗರ್ ಇದೆ ಅಂತ ಬರೀಬೇಡಿ. ಆರು ತಿಂಗಳಿಂದ ಅಂತ ಬರೆದುಬಿಡಿ. ಇಲ್ಲದಿದ್ರೆ ಇನ್ಶೂರೆನ್ಸ್‌ನವರು ದುಡ್ಡು ಕೊಡಲ್ಲ" ಎಂದು ಕೇಳಿಕೊಳ್ಳುತ್ತಾರೆ. ವೈದ್ಯರು ಒಪ್ಪುವುದಿಲ್ಲ. ಮಗನಿಗೆ ಬೇಸರವಾಗುತ್ತದೆ. ಧರ್ಮಾಸ್ಪತ್ರೆಯಲ್ಲಿಯೂ ಬಡವರ ಕಷ್ಟ ಕೇಳುವವರಿಲ್ಲವೆಂದು ನೊಂದುಕೊಳ್ಳುತ್ತಾರೆ.

ಅದೇ ವಾರ್ಡಿನ ಇನ್ನೊಂದು ಮಂಚದ ಬಳಿ ಇದಕ್ಕೆ ತದ್ವಿರುದ್ಧವಾದುದು ನಡೆಯುತ್ತಿರುತ್ತದೆ. ತಾಯಿಯೊಬ್ಬರ ಬಳಿ ವಿಮೆಯ ಕಾರ್ಡು ಇದೆ. ಆದರೂ ಅದನ್ನು ಕೌಂಟರಿನಲ್ಲಿ ತೋರಿಸಲು ಅವರು ಹಿಂಜರಿಯುತ್ತಾರೆ. "ಈ ಕಾಯಿಲೆ ಕಂಪನಿಯವರಿಗೆ ಗೊತ್ತಾದರೆ ಊರಿಗೆಲ್ಲ ಗೊತ್ತಾದೀತು. ನಾಳೆ ಮಗಳ ಮದುವೆಗೆ ಅಡ್ಡಿಯಾದೀತು" ಎಂಬ ಅಂಜಿಕೆ. ಕೊನೆಗೆ ಸಾಲ ಮಾಡಿ ಬಿಲ್ಲು ಕಟ್ಟುತ್ತಾರೆ.

ಇವರಿಬ್ಬರ ತೊಂದರೆಯ ಮೂಲ ಒಂದೇ. ವಿಮಾ ಕಂಪನಿಗೆ ಏನನ್ನು ಹೇಳಬೇಕು, ಹೇಳಿದ್ದು ಯಾರ ಯಾರ ಕೈಗೆ ಹೋಗುತ್ತದೆ, ಎಲ್ಲಿಗೆ ಹೋಗಬಾರದು ಎಂಬುದು ಇಬ್ಬರಿಗೂ ತಿಳಿದಿಲ್ಲ. ಈ ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ. ವಿಮಾ ಕಂಪನಿ ಕೇಳಿದ ಪ್ರಶ್ನೆಗೆ ಪೂರ್ಣ ಸತ್ಯವನ್ನು ಹೇಳಿ. ಆದರೆ ಆ ಸತ್ಯ ಯಾರಿಗೆ ತಲುಪುತ್ತದೆ ಎಂಬುದನ್ನು ತಿಳಿದುಕೊಂಡೇ ಸಹಿ ಮಾಡಿ.

ಕಂಪನಿಯವರು ನಮ್ಮ ಕಾಯಿಲೆಯ ಬಗ್ಗೆ ಏಕೆ ಕೇಳುತ್ತಾರೆ?

ಒಂದು ಊರಿನ ಸಾವಿರ ಮನೆಯವರು ತಲಾ ಇಷ್ಟೆಂದು ಹಣ ಕೂಡಿಸಿಟ್ಟು, ಯಾರಿಗೆ ಕಷ್ಟ ಬಂದರೆ ಅವರಿಗೆ ಅದರಿಂದ ಕೊಡುವ ಏರ್ಪಾಡು ಮಾಡಿಕೊಂಡರೆಂದು ತಿಳಿಯಿರಿ. ವಿಮೆಯೂ ಹೀಗೆಯೇ. ಯಾರಿಗೆ ಎಷ್ಟು ಖರ್ಚು ಬರಬಹುದು ಎಂದು ಅಂದಾಜು ಮಾಡಿ ಕಂಪನಿ ಪ್ರೀಮಿಯಂ ಗೊತ್ತುಮಾಡುತ್ತದೆ. ಆದ್ದರಿಂದ ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಹಿಂದೆ ಆದ ಆಪರೇಷನ್, ಬೀಡಿ-ಸಿಗರೇಟು, ಮದ್ಯದ ಅಭ್ಯಾಸ, ತಂದೆ-ತಾಯಿಗಳಿಗಿದ್ದ ಕಾಯಿಲೆ ಎಲ್ಲವನ್ನೂ ಕೇಳುತ್ತಾರೆ. ಈ ಅರ್ಜಿಯನ್ನೇ ಪ್ರಪೋಸಲ್ ಫಾರ್ಮ್ ಎನ್ನುವುದು.

ನಿಮ್ಮ ದೇಹದ ಸ್ಥಿತಿ ನಿಮಗೆ ಗೊತ್ತು, ಕಂಪನಿಗೆ ಗೊತ್ತಿಲ್ಲ. ಹೀಗಾಗಿ ವಿಮೆಯ ಒಪ್ಪಂದದಲ್ಲಿ ಎರಡೂ ಕಡೆಯವರು ಪರಮ ವಿಶ್ವಾಸದಿಂದ ನಡೆದುಕೊಳ್ಳಬೇಕೆಂದು ಕಾನೂನು ಹೇಳುತ್ತದೆ. ಸರ್ಕಾರದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬರುವವರಿಗೆ ಮಾತ್ರ ಈ ಪ್ರಶ್ನಾವಳಿ ಇಲ್ಲ. ಹಳೆಯ ಕಾಯಿಲೆ ಇದ್ದರೂ ಅಲ್ಲಿ ಚಿಕಿತ್ಸೆಗೆ ಅಡ್ಡಿಯಿಲ್ಲ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ನೆರವಿದೆ. ಆದ್ದರಿಂದ ನಿಮ್ಮ ಬಳಿ ಬಿ.ಪಿ.ಎಲ್. ಕಾರ್ಡು ಇದ್ದರೆ ಮೊದಲು ಅದನ್ನು ಕೌಂಟರಿನಲ್ಲಿ ತೋರಿಸಿ. ಮುಂದಿನ ವಿಷಯ ಮುಖ್ಯವಾಗಿ ಸ್ವಂತ ಹಣದಿಂದ ಪಾಲಿಸಿ ಮಾಡಿಸಿದವರಿಗೆ ಮತ್ತು ಮಾಡಿಸಬೇಕೆಂದಿರುವವರಿಗೆ.

ಸಹಿ ಮಾಡುವ ಜಾಗದ ಮೇಲೆ ಏನು ಬರೆದಿರುತ್ತದೆ?

ಪ್ರಪೋಸಲ್ ಫಾರ್ಮಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಘೋಷಣೆ ಇರುತ್ತದೆ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿ ಅದನ್ನು ಓದದೆ ಸಹಿ ಹಾಕುತ್ತೇವೆ ಎಂದರೆ ಹೆಚ್ಚಾಗಲಾರದು. ಕಂಪನಿಯಿಂದ ಕಂಪನಿಗೆ ಮಾತುಗಳು ಅಲ್ಪಸ್ವಲ್ಪ ಬೇರೆಯಾದರೂ ಅದರ ತಿರುಳು ಇಷ್ಟು:

1. ನಾನು ಮೇಲೆ ಕೊಟ್ಟ ಉತ್ತರಗಳೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ ಮತ್ತು ಪೂರ್ಣ.

2. ನನಗೆ ಯಾವಾಗಲಾದರೂ ಚಿಕಿತ್ಸೆ ನೀಡಿದ ಯಾವುದೇ ವೈದ್ಯರಿಂದ, ಆಸ್ಪತ್ರೆಯಿಂದ, ನಾನು ಕೆಲಸ ಮಾಡಿದ ಕಡೆಯಿಂದ ನನ್ನ ದೇಹ ಅಥವಾ ಮನಸ್ಸಿನ ಆರೋಗ್ಯದ ಮಾಹಿತಿ ಪಡೆಯಲು ಕಂಪನಿಗೆ ಒಪ್ಪಿಗೆ ಕೊಟ್ಟಿದ್ದೇನೆ.

3. ನಾನು ಹಿಂದೆ ವಿಮೆಗಾಗಿ ಅರ್ಜಿ ಹಾಕಿದ ಬೇರೆ ವಿಮಾ ಕಂಪನಿಗಳಿಂದಲೂ ಮಾಹಿತಿ ಕೇಳಬಹುದು.

4. ಅರ್ಜಿಯನ್ನು ಪರಿಶೀಲಿಸುವುದಕ್ಕೆ ಮತ್ತು ಕ್ಲೇಮ್ ಇತ್ಯರ್ಥ ಮಾಡುವುದಕ್ಕೆ ಮಾತ್ರ ನನ್ನ ವೈದ್ಯಕೀಯ ದಾಖಲೆಗಳನ್ನು ಹಂಚಿಕೊಳ್ಳಬಹುದು. ಸರ್ಕಾರಕ್ಕೂ ನಿಯಂತ್ರಣ ಪ್ರಾಧಿಕಾರಕ್ಕೂ ಕೊಡಬಹುದು.

ಇವುಗಳಲ್ಲಿ ಎರಡು ಮತ್ತು ಮೂರನೆಯ ಅಂಶಗಳನ್ನು ಮತ್ತೊಮ್ಮೆ ಓದಿ. "ಇಲ್ಲಿ ಬರೆಯದಿದ್ದರೆ ಯಾರಿಗೆ ಗೊತ್ತಾಗುತ್ತದೆ?" ಎಂಬ ಏಜೆಂಟರ ಮಾತಿಗೆ ಉತ್ತರ ಅಲ್ಲಿಯೇ ಇದೆ. ತಿಳಿದುಕೊಳ್ಳುವ ಅಧಿಕಾರವನ್ನು ನೀವೇ ನಿಮ್ಮ ಸಹಿಯಿಂದ ಕೊಟ್ಟಿರುತ್ತೀರಿ. ಹಾಗೆಯೇ ನಾಲ್ಕನೆಯ ಅಂಶದಲ್ಲಿರುವ "ಮಾತ್ರ" ಎಂಬ ಪದವನ್ನೂ ಗಮನಿಸಿ. ಅದು ನಿಮ್ಮ ರಕ್ಷಣೆಗೆ ಇರುವ ಮಾತು. ಅರ್ಜಿ ಮತ್ತು ಕ್ಲೇಮಿನ ಕೆಲಸಕ್ಕಲ್ಲದೆ ಬೇರೆ ವ್ಯಾಪಾರಕ್ಕೆ ನಿಮ್ಮ ಕಾಯಿಲೆಯ ವಿವರ ಬಳಸಲು ಈ ಸಹಿಯಿಂದ ಅನುಮತಿ ಸಿಗುವುದಿಲ್ಲ.

ಈಗ ಹಲವು ಅರ್ಜಿಗಳು ಮೊಬೈಲಿನಲ್ಲಿಯೇ ಮುಗಿಯುತ್ತವೆ. ಅಲ್ಲಿ ನಿಮ್ಮ ಫೋನಿಗೆ ಬರುವ ಓ.ಟಿ.ಪಿ.ಯೇ ನಿಮ್ಮ ಸಹಿ. ಏಜೆಂಟರು ಕೇಳಿದರೆಂದು ಓ.ಟಿ.ಪಿ. ಹೇಳುವುದು, ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಂತೆ. ಫಾರ್ಮು ಇಂಗ್ಲಿಷಿನಲ್ಲಿದ್ದು ನಿಮಗೆ ಇಂಗ್ಲಿಷ್ ಬಾರದಿದ್ದರೆ, ಅದರಲ್ಲಿರುವುದನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ್ದೇವೆಂದು ವಿವರಿಸಿದವರು ಸಹಿ ಮಾಡುವ ಬೇರೊಂದು ಜಾಗ ಇರುತ್ತದೆ. ಪೂರ್ತಿ ವಿವರಿಸುವ ತನಕ ಆ ಜಾಗವನ್ನು ತುಂಬಲು ಬಿಡಬೇಡಿ.

ನಿಮ್ಮ ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ?

ಒಂದು ಅರ್ಜಿಯ ದಾರಿಯನ್ನು ಹಿಂಬಾಲಿಸಿ ನೋಡೋಣ.

ಮೊದಲು ಅದನ್ನು ನೋಡುವವರು ಏಜೆಂಟರು. ಅಲ್ಲಿಂದ ಅದು ಕಂಪನಿಯ ಕಚೇರಿಗೆ ಹೋಗುತ್ತದೆ. ವಯಸ್ಸು ಅಥವಾ ಮೊತ್ತ ಹೆಚ್ಚಾಗಿದ್ದರೆ ಕಂಪನಿ ಗೊತ್ತುಮಾಡಿದ ಲ್ಯಾಬಿನಲ್ಲಿ ರಕ್ತ, ಮೂತ್ರ, ಇ.ಸಿ.ಜಿ. ಪರೀಕ್ಷೆ ನಡೆದು ಆ ವರದಿಯೂ ಕಡತಕ್ಕೆ ಸೇರುತ್ತದೆ. ದೊಡ್ಡ ಮೊತ್ತದ ಪಾಲಿಸಿಯಾದರೆ ಕಂಪನಿ ತನ್ನ ಹೊಣೆಯ ಒಂದು ಭಾಗವನ್ನು ಮರುವಿಮಾ ಕಂಪನಿಗೆ ಒಪ್ಪಿಸುವುದರಿಂದ ಅವರೂ ವಿವರ ನೋಡಬಹುದು.

ನೀವು ಆಸ್ಪತ್ರೆಗೆ ಸೇರಿದಾಗ ಮತ್ತೊಂದು ದಾರಿ ತೆರೆಯುತ್ತದೆ. ನಗದುರಹಿತ ಚಿಕಿತ್ಸೆಗೆ ಮುಂಗಡ ಅನುಮತಿಯ ಫಾರ್ಮನ್ನು ಇಲ್ಲಿಂದ ಕಂಪನಿಗೆ ಅಥವಾ ಅದರ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿ.ಪಿ.ಎ. ಸಂಸ್ಥೆಗೆ ಕಳಿಸುತ್ತೇವೆ. ಆ ಫಾರ್ಮಿನಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಆಸ್ತಮಾ, ಕ್ಯಾನ್ಸರ್ ಮೊದಲಾದವುಗಳ ಎದುರು "ಎಂದಿನಿಂದ" ಎಂದು ತಿಂಗಳು-ವರ್ಷ ಬರೆಯುವ ಮನೆಗಳಿವೆ. ವೈದ್ಯರು ನಿಮ್ಮನ್ನು ಕೇಳಿಯೇ ಅದನ್ನು ತುಂಬುತ್ತಾರೆ. ಬಿಡುಗಡೆಯಾದ ಮೇಲೆ ಡಿಸ್‌ಚಾರ್ಜ್ ಸಮ್ಮರಿ, ಲ್ಯಾಬ್ ವರದಿ, ಬಿಲ್ಲುಗಳು ಸಹ ಅಲ್ಲಿಗೇ ಹೋಗುತ್ತವೆ. ಇದಕ್ಕೂ ನಿಮ್ಮಿಂದ ಅಥವಾ ನಿಮ್ಮ ಬಂಧುಗಳಿಂದ ಸಹಿ ಪಡೆದಿರುತ್ತೇವೆ.

ಇಡೀ ದೇಶದ ಮಟ್ಟದಲ್ಲಿ ವಿಮಾ ಮಾಹಿತಿ ಬ್ಯೂರೋ ಎಂಬ ಸಂಸ್ಥೆಯೊಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು ಇದನ್ನು 2009ರಲ್ಲಿ ಹುಟ್ಟುಹಾಕಿತು. ಕಚೇರಿ ಹೈದರಾಬಾದಿನಲ್ಲಿದೆ. ಪಾಲಿಸಿ ಮತ್ತು ಕ್ಲೇಮುಗಳ ವಿವರವನ್ನು ಕಂಪನಿಗಳು ಇಲ್ಲಿಗೆ ಕಳಿಸುತ್ತವೆ. 2011ರ ಅಕ್ಟೋಬರಿನಿಂದ ಆರೋಗ್ಯ ವಿಮೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವ ಸೌಲಭ್ಯ ಬಂದಿದೆ. ಹಾಗೆ ಬದಲಾಯಿಸುವಾಗ ಹೊಸ ಕಂಪನಿಯು ಹಳೆಯ ಕಂಪನಿಯಿಂದ ನಿಮ್ಮ ಪಾಲಿಸಿ ಮತ್ತು ಕ್ಲೇಮಿನ ಇತಿಹಾಸವನ್ನು ಬ್ಯೂರೋದ ವ್ಯವಸ್ಥೆಯ ಮೂಲಕವೇ ತರಿಸಿಕೊಳ್ಳುತ್ತದೆ. ಮೂರು ವರ್ಷದ ಹಿಂದೆ ಒಂದು ಕಂಪನಿಯಲ್ಲಿ ಹೃದಯದ ಚಿಕಿತ್ಸೆಗೆ ಹಣ ಪಡೆದು, ಈಗ ಇನ್ನೊಂದು ಕಂಪನಿಯ ಫಾರ್ಮಿನಲ್ಲಿ "ಹೃದಯದ ತೊಂದರೆ ಇಲ್ಲ" ಎಂದು ಬರೆದರೆ ಅದು ಉಳಿಯುವ ಮಾತಲ್ಲ.

ಇದು ನಮ್ಮ ದೇಶದಲ್ಲಿ ಮಾತ್ರ ಇರುವ ಏರ್ಪಾಡೆಂದು ತಿಳಿಯಬೇಡಿ. ಅಮೆರಿಕದಲ್ಲಿ 1902ರಲ್ಲಿಯೇ ವಿಮಾ ಕಂಪನಿಗಳ ವೈದ್ಯಾಧಿಕಾರಿಗಳು ಸೇರಿ ಮೆಡಿಕಲ್ ಇನ್‌ಫರ್ಮೇಷನ್ ಬ್ಯೂರೋ ಎಂಬುದನ್ನು ಸ್ಥಾಪಿಸಿದರು. ಎಂ.ಐ.ಬಿ. ಎಂಬ ಹೆಸರಿನಲ್ಲಿ ಅದು ಇಂದಿಗೂ ಇದೆ. ಒಬ್ಬರು ಜೀವ ವಿಮೆಗೆ ಅರ್ಜಿ ಹಾಕಿದಾಗ ಕಂಡುಬಂದ ಮುಖ್ಯ ಕಾಯಿಲೆಗಳನ್ನು ಸಂಕೇತಾಕ್ಷರಗಳಲ್ಲಿ ಅಲ್ಲಿ ಬರೆದಿಡುತ್ತಾರೆ. ಏಳು ವರ್ಷದವರೆಗೆ ಅದು ಉಳಿಯುತ್ತದೆ. ಆ ಅವಧಿಯಲ್ಲಿ ಅವರು ಬೇರೊಂದು ಸದಸ್ಯ ಕಂಪನಿಗೆ ಅರ್ಜಿ ಹಾಕಿದರೆ, ಆ ಕಂಪನಿ ಅವರ ಒಪ್ಪಿಗೆಯ ಮೇರೆಗೆ ಅದನ್ನು ತೆಗೆದು ನೋಡುತ್ತದೆ. ಆದರೆ ಅಲ್ಲಿನ ಕಾನೂನು ಅರ್ಜಿದಾರರಿಗೂ ಒಂದು ಹಕ್ಕು ಕೊಟ್ಟಿದೆ. ತಮ್ಮ ಹೆಸರಿನಲ್ಲಿ ಏನು ಬರೆದಿದ್ದಾರೆಂದು ವರ್ಷಕ್ಕೊಮ್ಮೆ ಉಚಿತವಾಗಿ ತರಿಸಿ ನೋಡಬಹುದು. ತಪ್ಪಿದ್ದರೆ ತಿದ್ದಲು ಕೇಳಬಹುದು. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳಿದ್ದರೆ ಈ ಮಾತನ್ನು ಅವರಿಗೆ ತಿಳಿಸಿ. ನಾವು ಕಲಿಯಬೇಕಾದದ್ದೂ ಇದೇ. ಮಾಹಿತಿ ಹಂಚಿಕೆಯಾಗುವುದನ್ನು ಪೂರ್ತಿ ತಡೆಯಲಾಗದಿದ್ದರೂ, ಏನು ಹಂಚಿಕೆಯಾಗುತ್ತಿದೆ ಎಂದು ಕೇಳಿ ತಿಳಿಯಬಹುದು, ತಪ್ಪಿದ್ದರೆ ತಿದ್ದಿಸಬಹುದು.

ಹೇಳಿದರೆ ಏನು, ಮುಚ್ಚಿಟ್ಟರೆ ಏನು?

ಸತ್ಯ ಹೇಳಿದರೆ ನಷ್ಟವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಕಂಪನಿ ಪ್ರೀಮಿಯಂ ಹೆಚ್ಚಿಸಬಹುದು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹಾಕಬಹುದು. ಕೆಲವೊಮ್ಮೆ ಅರ್ಜಿಯನ್ನು ತಿರಸ್ಕರಿಸಲೂಬಹುದು. ಆದರೆ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ.

2024ರ ನಿಯಮಗಳ ಪ್ರಕಾರ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಹಿಂದೆ ಇದು 48 ತಿಂಗಳಿತ್ತು. ನೀವು "ಸಕ್ಕರೆ ಕಾಯಿಲೆ ಇದೆ" ಎಂದು ಬರೆದು ಪಾಲಿಸಿ ಪಡೆದು ತಪ್ಪದೆ ಕಟ್ಟುತ್ತ ಬಂದರೆ, ಮೂರು ವರ್ಷ ತುಂಬಿದ ಮೇಲೆ ಆ ಕಾಯಿಲೆಯ ಚಿಕಿತ್ಸೆಗೂ ಪಾಲಿಸಿಯ ರಕ್ಷಣೆ ಇರುತ್ತದೆ. ಮುಚ್ಚಿಟ್ಟವರ ಸ್ಥಿತಿ ಹೀಗಲ್ಲ. ಆರೋಗ್ಯ ವಿಮೆಯಲ್ಲಿ ಸತತವಾಗಿ 60 ತಿಂಗಳು ಕಟ್ಟುವವರೆಗೆ, ಮಾಹಿತಿ ಮುಚ್ಚಿಟ್ಟಿದ್ದೀರಿ ಎಂಬ ಕಾರಣಕ್ಕೆ ಕಂಪನಿ ಕ್ಲೇಮನ್ನು ಪ್ರಶ್ನಿಸಬಹುದು. ಮೋಸವೆಂದು ರುಜುವಾತಾದರೆ ಐದು ವರ್ಷ ಕಳೆದರೂ ರಕ್ಷಣೆಯಿಲ್ಲ. ಹೇಳಿದವರಿಗೆ ಮೂರು ವರ್ಷದ ತಾಳ್ಮೆ. ಮುಚ್ಚಿಟ್ಟವರಿಗೆ ಐದು ವರ್ಷದ ಅಂಜಿಕೆ. ಜೀವ ವಿಮೆಯಲ್ಲಿ ಈ ಅವಧಿ ಮೂರು ವರ್ಷ. 1938ರ ವಿಮಾ ಕಾಯ್ದೆಯ 45ನೆಯ ಕಲಮಿಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮೂರು ವರ್ಷ ಕಳೆದ ಜೀವ ವಿಮಾ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಮನಸ್ಸಿಗೆ ನಾಟುತ್ತದೆ. ಎರಡರಲ್ಲಿಯೂ ಸಕ್ಕರೆ ಕಾಯಿಲೆಯ ವಿಷಯವಿದೆ.

2009ರಲ್ಲಿ ತೀರ್ಪಾದ ಪ್ರಕರಣದಲ್ಲಿ, ಪಾಲಿಸಿ ಪಡೆದವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ವೈಫಲ್ಯ ಇತ್ತು. ಅರ್ಜಿಯಲ್ಲಿ ಅದನ್ನು ತಿಳಿಸಿರಲಿಲ್ಲ. ಅವರು ತೀರಿಕೊಂಡ ಮೇಲೆ ಪತ್ನಿ ಹಣ ಕೇಳಿದರು. ಕಂಪನಿ ನಿರಾಕರಿಸಿದ್ದು ಸರಿಯೆಂದು ನ್ಯಾಯಾಲಯ ಹೇಳಿತು.

2021ರ ಡಿಸೆಂಬರಿನಲ್ಲಿ ತೀರ್ಪಾದ ಪ್ರಕರಣದಲ್ಲಿ, ಅಮೆರಿಕಕ್ಕೆ ಹೊರಟಿದ್ದ ಒಬ್ಬರು ಪ್ರಯಾಣದ ವೈದ್ಯಕೀಯ ವಿಮೆ ಮಾಡಿಸುವಾಗ ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಸಿದ್ದರು. ಅಲ್ಲಿ ಇಳಿದಾಗ ಹೃದಯಾಘಾತವಾಯಿತು, ರಕ್ತನಾಳಕ್ಕೆ ಚಿಕಿತ್ಸೆಯಾಯಿತು. ಕೊಬ್ಬಿನಂಶ ಹೆಚ್ಚಿದ್ದುದನ್ನು ಹೇಳಿಲ್ಲವೆಂದು ಕಂಪನಿ ಹಣ ಕೊಡಲು ಒಪ್ಪಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿಯೂ ಅವರು ಸೋತರು. ಆದರೆ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ಆರೋಗ್ಯಸ್ಥಿತಿಯನ್ನು ತಿಳಿದು ಪಾಲಿಸಿ ಕೊಟ್ಟ ಮೇಲೆ, ಅರ್ಜಿಯಲ್ಲಿ ತಿಳಿಸಿದ್ದ ಕಾಯಿಲೆಯನ್ನೇ ನೆಪಮಾಡಿ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದಿತು.

ಒಬ್ಬರ ಕುಟುಂಬವನ್ನು ಮೌನ ಕೆಡಿಸಿತು. ಇನ್ನೊಬ್ಬರನ್ನು ಅರ್ಜಿಯಲ್ಲಿ ಬರೆದ ಒಂದು ಸಾಲು ಕಾಪಾಡಿತು.

ಈಗ ಮೊದಲು ಹೇಳಿದ ಮಗನ ಕೋರಿಕೆಗೆ ಬರೋಣ. ವೈದ್ಯರು ಹತ್ತು ವರ್ಷವನ್ನು ಆರು ತಿಂಗಳೆಂದು ಬರೆಯುವುದು ಸುಳ್ಳು ದಾಖಲೆ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡ ಅಪಾಯ ರೋಗಿಗೇ ಇದೆ. ನಾಳೆ ರಾತ್ರಿ ಬೇರೊಂದು ಆಸ್ಪತ್ರೆಯಲ್ಲಿ ತುರ್ತಾಗಿ ನೋಡುವ ವೈದ್ಯರು ಆ ಸಮ್ಮರಿಯನ್ನು ನಂಬಿ ಔಷಧ ಕೊಡುತ್ತಾರೆ. ಹತ್ತು ವರ್ಷದ ಸಕ್ಕರೆ ಕಾಯಿಲೆ ಮೂತ್ರಪಿಂಡ, ಕಣ್ಣು, ನರಗಳ ಮೇಲೆ ಮಾಡಿರಬಹುದಾದ ಹಾನಿ ಆರು ತಿಂಗಳದ್ದಕ್ಕೆ ಸಮವಲ್ಲ. ಹಣಕ್ಕಾಗಿ ಬರೆಸಿದ ಸುಳ್ಳು ಪ್ರಾಣಕ್ಕೆ ಬರಬಾರದು. ಒಳಗೊಂದು ಹೊರಗೊಂದು ಇರಬಾರದೆಂದು ಬಾಳಿ ತೋರಿಸಿದ ಶರಣರ ಹೆಸರಿನಲ್ಲಿ ನಡೆಯುವ ಆಸ್ಪತ್ರೆಯಿದು. ಈ ಕಾರಣಕ್ಕೇ ನಮ್ಮ ವೈದ್ಯರು "ಆಗುವುದಿಲ್ಲ" ಎನ್ನುತ್ತಾರೆ. ದಯವಿಟ್ಟು ತಪ್ಪು ತಿಳಿಯಬೇಡಿ.

ಗೋಪ್ಯತೆ ನಿಮ್ಮ ಹಕ್ಕು

ಇನ್ನು ಆ ತಾಯಿಯ ಅಂಜಿಕೆಗೆ ಬರೋಣ. ಕಂಪನಿಗೆ ಹೇಳುವುದೆಂದರೆ ಊರಿಗೆ ಹೇಳುವುದಲ್ಲ. ನಿಮ್ಮನ್ನು ಕಾಯುವ ಕಾನೂನುಗಳು ಇವೆ.

ಖಾಸಗಿತನವು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಹೆಮ್ಮೆಯ ಸಂಗತಿ.

ಪಾಲಿಸಿದಾರರ ವಿವರವನ್ನು ವಿಮಾ ಕಂಪನಿಗಳು ಗೋಪ್ಯವಾಗಿ ಇಡಬೇಕೆಂದು ನಿಯಂತ್ರಣ ಪ್ರಾಧಿಕಾರದ ನಿಯಮಗಳಿವೆ. ರೋಗಿಯ ಗುಟ್ಟನ್ನು ಕಾಪಾಡುವುದು ವೈದ್ಯರ ವೃತ್ತಿಧರ್ಮವೆಂದು 2002ರ ವೈದ್ಯಕೀಯ ನೀತಿ ನಿಯಮಗಳು ಹೇಳುತ್ತವೆ.

ಎಚ್.ಐ.ವಿ. ಇರುವವರಿಗೆ 2017ರ ಕಾಯ್ದೆಯು ವಿಶೇಷ ರಕ್ಷಣೆ ಕೊಟ್ಟಿದೆ. ಅದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸುವಂತಿಲ್ಲ. ಮನೋರೋಗದ ಚಿಕಿತ್ಸೆಯ ವಿವರಕ್ಕೂ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಗೋಪ್ಯತೆಯಿದೆ. ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆದ್ದರಿಂದ ನಾಚಿಕೆಪಟ್ಟು ವಿಮೆಯ ಹಕ್ಕನ್ನು ಬಿಟ್ಟುಕೊಡಬೇಡಿ.

2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಒಂದು ಕಾಯ್ದೆ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುವಂತೆ ಹಂತಗಳನ್ನು ಗೊತ್ತುಮಾಡಿದ್ದಾರೆ. ನಿಮ್ಮ ಯಾವ ಮಾಹಿತಿ ಯಾರ ಬಳಿ ಇದೆಯೆಂದು ಕೇಳುವುದು, ತಪ್ಪನ್ನು ತಿದ್ದಿಸುವುದು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವುದು ಈ ಕಾಯ್ದೆ ಕೊಡುವ ಹಕ್ಕುಗಳು.

ಕಾನೂನಿದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದು ನಿಶ್ಚಿಂತರಾಗಿರಲು ಆಗದು. ದೇಶದ ಒಂದು ದೊಡ್ಡ ಆರೋಗ್ಯ ವಿಮಾ ಕಂಪನಿಯ ಗ್ರಾಹಕರ ವಿವರಗಳು, ವೈದ್ಯಕೀಯ ವರದಿಗಳ ಸಹಿತ, 2024ರಲ್ಲಿ ಕಳವಾಗಿ ಟೆಲಿಗ್ರಾಂನಲ್ಲಿ ಹರಿದಾಡಿದವು. ಇಂಥ ಕಳವನ್ನು ನಾವು ನೀವು ತಡೆಯಲಾರೆವು. ಆದರೆ ನಮ್ಮ ಕೈಯಿಂದಲೇ ಸೋರಿಹೋಗುವುದನ್ನು ತಡೆಯಬಹುದು. ನಿಜ ಹೇಳಬೇಕೆಂದರೆ, ಕಾಯಿಲೆಯ ಗುಟ್ಟು ಕಂಪನಿಯ ಕಚೇರಿಯಿಂದ ಹೊರಬೀಳುವುದಕ್ಕಿಂತ ವಾರ್ಡಿನ ಕಾರಿಡಾರಿನಲ್ಲಿ, ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೊರಬೀಳುವುದನ್ನೇ ನಾವು ಹೆಚ್ಚು ಕಂಡಿದ್ದೇವೆ. ಕೇಸ್ ಶೀಟಿನ ಫೋಟೋ ತೆಗೆದು ಗುಂಪಿಗೆ ಹಾಕುವ ಮೊದಲು ಒಂದು ಕ್ಷಣ ಯೋಚಿಸಿ. ಆ ಕಾಯಿಲೆ ಮಂಚದ ಮೇಲಿರುವವರದು. ಹೇಳುವ ಹಕ್ಕೂ ಅವರದೇ.

ಈ ಆಸ್ಪತ್ರೆಯಲ್ಲಿ ನಿಮ್ಮ ಕಡತ

ರೋಗಿಯ ಅಥವಾ ರೋಗಿ ಅಧಿಕಾರ ಕೊಟ್ಟವರ ಲಿಖಿತ ಕೋರಿಕೆಯಿಲ್ಲದೆ ಕೇಸ್ ಶೀಟಿನ ಪ್ರತಿಯನ್ನು ನಾವು ಯಾರಿಗೂ ಕೊಡುವುದಿಲ್ಲ. ಸ್ವಂತ ಅಣ್ಣತಮ್ಮಂದಿರಾದರೂ ಇದೇ ನಿಯಮ. ನ್ಯಾಯಾಲಯ ಅಥವಾ ಕಾನೂನಿನಂತೆ ಕೇಳುವ ಅಧಿಕಾರಿಗಳಿಗೆ ಮಾತ್ರ ವಿನಾಯಿತಿ. ನಿಮ್ಮ ದಾಖಲೆಯನ್ನು ನೀವು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ನಿಯಮವಿದೆ.

ಕೆಲವೊಮ್ಮೆ ವಿಮಾ ಕಂಪನಿಯ ಪರವಾಗಿ ತನಿಖೆಗೆಂದು ಬಂದವರು ನೇರವಾಗಿ ವಾರ್ಡಿಗೆ ಅಥವಾ ಮನೆಗೆ ಬರುತ್ತಾರೆ. ಅವರ ಗುರುತಿನ ಚೀಟಿ ಮತ್ತು ಕಂಪನಿಯ ಅಧಿಕಾರಪತ್ರವನ್ನು ಕೇಳಿ ನೋಡಿ. ಕೇಳಿದ್ದಕ್ಕೆ ಸತ್ಯವಾದ ಉತ್ತರ ಕೊಡಿ. ಖಾಲಿ ಹಾಳೆಗೆ ಮಾತ್ರ ಯಾವ ಕಾರಣಕ್ಕೂ ಸಹಿ ಮಾಡಬೇಡಿ. ಸಂದೇಹ ಬಂದರೆ ವಾರ್ಡಿನ ಸಿಸ್ಟರ್‌ಗೆ ತಿಳಿಸಿ.

ನೀವು ಮಾಡಬೇಕಾದ ಕೆಲಸಗಳು

1. ಪ್ರಪೋಸಲ್ ಫಾರ್ಮನ್ನು ನೀವೇ ತುಂಬಿ, ಇಲ್ಲವೆ ಎದುರಿಗೆ ಕುಳಿತು ತುಂಬಿಸಿ. "ಎಲ್ಲಕ್ಕೂ ಇಲ್ಲ ಅಂತ ಹಾಕಿಬಿಡ್ತೀನಿ" ಎನ್ನುವ ಏಜೆಂಟರಿಗೆ ಬೇಡವೆನ್ನಿ. ಸಹಿ ನಿಮ್ಮದು; ನಾಳೆ ಉತ್ತರ ಕೊಡಬೇಕಾದವರೂ ನೀವೇ.

2. ಕಾಯಿಲೆ ಯಾವಾಗ ಗೊತ್ತಾಯಿತು, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದನ್ನು ಹಳೆಯ ಚೀಟಿ ನೋಡಿ ಬರೆಯಿರಿ.

3. ಫಾರ್ಮಿನಲ್ಲಿ ಕೇಳಿದ್ದಕ್ಕೆ ಉತ್ತರಿಸಿ. ಕೇಳದ ಮನೆಯ ವಿಷಯಗಳನ್ನೂ ಹಳೆಯ ಕಡತಗಳನ್ನೂ ಏಜೆಂಟರ ಕೈಗೆ ಕೊಡುವ ಅಗತ್ಯವಿಲ್ಲ.

4. ಪಾಲಿಸಿಯ ಜೊತೆ ಬರುವ ಪ್ರಪೋಸಲ್ ಫಾರ್ಮಿನ ಪ್ರತಿಯನ್ನು ಓದಿ. ತಪ್ಪು ಕಂಡರೆ ಕೂಡಲೇ ಬರವಣಿಗೆಯಲ್ಲಿ ತಿಳಿಸಿ. ಪಾಲಿಸಿ ಕೈಸೇರಿದ 30 ದಿನದೊಳಗೆ ಅದನ್ನು ಹಿಂದಿರುಗಿಸುವ ಅವಕಾಶವೂ ಇದೆ.

5. ವರದಿಗಳನ್ನು ಕಂಪನಿಯ ಅಥವಾ ಟಿ.ಪಿ.ಎ.ಯ ಅಧಿಕೃತ ವಿಳಾಸಕ್ಕೆ ಮಾತ್ರ ಕಳಿಸಿ. ಒಂದು ಪ್ರತಿಯನ್ನು ಮನೆಯಲ್ಲಿಡಿ.

6. ಡಿಸ್‌ಚಾರ್ಜ್ ಸಮ್ಮರಿಯನ್ನು ಮನೆಗೆ ಹೊರಡುವ ಮೊದಲೇ ಓದಿಸಿಕೊಳ್ಳಿ. ಬರೆಯುವಾಗ ನಿಜವಾಗಿಯೂ ತಪ್ಪಾಗಿದ್ದರೆ, ಉದಾಹರಣೆಗೆ 1 ವರ್ಷ ಎಂಬುದು 11 ವರ್ಷ ಎಂದಾಗಿದ್ದರೆ, ಹಳೆಯ ಚೀಟಿ ತೋರಿಸಿ ತಿದ್ದಿಸಿಕೊಳ್ಳಿ. ಇದು ನಿಮ್ಮ ಹಕ್ಕು. ಸುಳ್ಳು ಬರೆಸುವುದಕ್ಕೂ ತಪ್ಪು ತಿದ್ದಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬೇಡಿ.

ಬಂಧುಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಏಜೆಂಟರು ನನಗೆ ತಿಳಿಯದಂತೆ "ಕಾಯಿಲೆ ಇಲ್ಲ" ಎಂದು ತುಂಬಿದ್ದಾರೆ. ಈಗ ಏನು ಮಾಡಲಿ?
ಉತ್ತರ: ಕ್ಲೇಮ್ ಬರುವ ತನಕ ಕಾಯಬೇಡಿ. ಸರಿಯಾದ ವಿವರ ಬರೆದು ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಅಥವಾ ಇ-ಮೇಲ್‌ನಲ್ಲಿ ಕಳಿಸಿ. ಕಳಿಸಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಪ್ರೀಮಿಯಂ ಹೆಚ್ಚಾಗಬಹುದು, ಕಾಯುವ ಅವಧಿ ಬರಬಹುದು, ಪಾಲಿಸಿಯನ್ನೇ ಮುಂದುವರಿಸದೆಯೂ ಇರಬಹುದು. ಆದರೂ ಐ.ಸಿ.ಯು. ಬಾಗಿಲಲ್ಲಿ ನಿಂತಾಗ ತಿಳಿಯುವುದಕ್ಕಿಂತ ಇಂದೇ ತಿಳಿಯುವುದು ಲೇಸು.

ಪ್ರಶ್ನೆ: ನಾನು ಕೆಲಸ ಮಾಡುವ ಕಡೆ ನನ್ನ ಕಾಯಿಲೆ ತಿಳಿಯುತ್ತದೆಯೇ?
ಉತ್ತರ: ನೀವೇ ಮಾಡಿಸಿದ ಪಾಲಿಸಿಯ ಕ್ಲೇಮಿನ ವಿವರವನ್ನು ಕಂಪನಿ ನಿಮ್ಮ ಮಾಲೀಕರಿಗೆ ಕೊಡುವಂತಿಲ್ಲ. ಕಾರ್ಖಾನೆ ಅಥವಾ ಕಚೇರಿಯ ಗುಂಪು ವಿಮೆಯಲ್ಲಿ ಕಾಗದಗಳು ಅಲ್ಲಿನ ಆಡಳಿತ ವಿಭಾಗದ ಮೂಲಕ ಹೋಗುವ ರೂಢಿ ಇದ್ದರೆ, ನೇರವಾಗಿ ಟಿ.ಪಿ.ಎ.ಗೆ ಕಳಿಸಬಹುದೇ ಎಂದು ಮೊದಲೇ ಕೇಳಿ.

ಪ್ರಶ್ನೆ: ಆಭಾ ಸಂಖ್ಯೆ ಮಾಡಿಸಿದರೆ ವಿಮಾ ಕಂಪನಿಗೆ ಎಲ್ಲವೂ ಕಾಣುತ್ತದೆಯೇ?
ಉತ್ತರ: ಇಲ್ಲ. 14 ಅಂಕಿಗಳ ಆ ಸಂಖ್ಯೆಯನ್ನು ಮಾಡಿಸುವುದು ನಿಮ್ಮ ಇಚ್ಛೆಗೆ ಬಿಟ್ಟದ್ದು. ಅದಕ್ಕೆ ಜೋಡಿಸಿದ ದಾಖಲೆಯನ್ನು ಬೇರೆಯವರು ನೋಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಮೊಬೈಲಿನಲ್ಲಿ ಒಪ್ಪಿಗೆ ಒತ್ತುವ ಮೊದಲು ಯಾರಿಗೆ, ಎಷ್ಟು ದಿನಕ್ಕೆ ಎಂದು ನೋಡಿ.

ಪ್ರಶ್ನೆ: ಕಂಪನಿ ಅನ್ಯಾಯವಾಗಿ ಕ್ಲೇಮ್ ತಿರಸ್ಕರಿಸಿದರೆ, ಅಥವಾ ನನ್ನ ಮಾಹಿತಿಯನ್ನು ಬೇರೆಯವರಿಗೆ ಕೊಟ್ಟರೆ ಯಾರಿಗೆ ದೂರು ಕೊಡಬೇಕು?
ಉತ್ತರ: ಮೊದಲು ಕಂಪನಿಯ ದೂರು ಅಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಸರಿಹೋಗದಿದ್ದರೆ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಗೆ 155255 ಸಂಖ್ಯೆಗೆ ಕರೆ ಮಾಡಿ ತಿಳಿಸಬಹುದು. ಕ್ಲೇಮಿನ ವ್ಯಾಜ್ಯಗಳಿಗೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಕಂಪನಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಹೋಗಬಹುದು. ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ಕೊನೆಯ ಮಾತು

ಈ ಹಾಳೆಯನ್ನು ಓದಿ ಮಡಿಚಿಡುವ ಮೊದಲು ಮೂರು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ನನ್ನ ಪಾಲಿಸಿಯ ಅರ್ಜಿಯಲ್ಲಿ ಏನು ಬರೆದಿದೆಯೆಂದು ನನಗೆ ಗೊತ್ತೇ? ಅದರ ಪ್ರತಿ ನನ್ನ ಮನೆಯಲ್ಲಿದೆಯೇ? ನನ್ನ ಕಾಯಿಲೆಯ ವಿವರವನ್ನು ಬೇಡದವರ ಕೈಗೆ ನಾನೇ ಕೊಟ್ಟಿದ್ದೇನೆಯೇ? ಮೊದಲೆರಡಕ್ಕೆ "ಹೌದು", ಮೂರನೆಯದಕ್ಕೆ "ಇಲ್ಲ" ಎನ್ನುವಂತಾದರೆ ಈ ಪಾಠ ಸಾರ್ಥಕ.

ಕಾಗದಗಳ ವಿಷಯದಲ್ಲಿ ತಿಳಿಯದಿದ್ದರೆ ಸಂಕೋಚ ಬೇಡ. ನೆಲ ಅಂತಸ್ತಿನ ವಿಮಾ ಸಹಾಯ ಕೌಂಟರಿಗೆ ಬನ್ನಿ. ಓದಿ ಹೇಳುವುದಕ್ಕೆ, ಫಾರ್ಮು ತುಂಬಲು ನೆರವಾಗುವುದಕ್ಕೆ ನಮ್ಮ ಸಿಬ್ಬಂದಿ ಯಾವ ಶುಲ್ಕವನ್ನೂ ಪಡೆಯುವುದಿಲ್ಲ. ಇದೂ ನಮ್ಮ ದಾಸೋಹದ ಒಂದು ಭಾಗವೆಂದೇ ಪೂಜ್ಯ ಶ್ರೀಗಳವರ ಅಪ್ಪಣೆಯಾಗಿದೆ.

ನೀವು ಬೇಗ ಗುಣಮುಖರಾಗಿ, ನಿಶ್ಚಿಂತೆಯಿಂದ ಮನೆ ಸೇರುವಂತಾಗಲಿ.